ಗಂಟೆಯ ಅಡಿಯ ಹೆಸರು

ಹೆಳವರ ಗಂಟೆಯನ್ನು ಧ್ವನಿಮುದ್ರಣ ಮಾಡುವುದು ಸುಲಭವಲ್ಲ. ಕಂಚಿನ ಕೈಗಂಟೆ, ನೋಡಲು ದೊಡ್ಡದೇನಲ್ಲ. ಆದರೆ ಹತ್ತಿರದಲ್ಲಿ ಹೊಡೆದರೆ ಯಂತ್ರದ ಅಳತೆಪಟ್ಟಿ ಒಮ್ಮೆಗೇ ಕೆಂಪಿಗೆ ಹಾರಿ ಸದ್ದು ಒಡೆದುಹೋಗುತ್ತದೆ. ಮಟ್ಟ ತಗ್ಗಿಸಿಟ್ಟರೆ ಗಂಟೆ ಬರುತ್ತದೆ, ಮಾತು ಬರುವುದಿಲ್ಲ. ಆಳಂದ ತಾಲೂಕಿನ ಆ ದೊಡ್ಡ ಮನೆಯಲ್ಲಿ ನಾನು ಎರಡನೆಯ ಯಂತ್ರವನ್ನು ಒಳಗೆ, ಅಡುಗೆಮನೆ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟದ್ದು ಈ ಕಾರಣಕ್ಕೆ. ದೂರದಿಂದ ಗಂಟೆಯನ್ನು ಒಡಕಿಲ್ಲದೆ ಹಿಡಿಯಬೇಕಿತ್ತು, ಅಷ್ಟೆ. ಬೇರೆ ಉದ್ದೇಶ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಡೆದದ್ದೆಲ್ಲ ಆ ಗೂಡಿನಿಂದಲೇ ಹೊರಬಿತ್ತು.

ಹೆಳವರನ್ನು ನೋಡದವರಿಗಾಗಿ ಒಂದು ಮಾತು. ಅವರು ಮನೆತನಗಳನ್ನು ಹೊಗಳುವವರು. ನಮ್ಮ ಕಡೆಯ ಹೆಳವ ಅಜ್ಜ ಮೂರು ವರ್ಷಕ್ಕೊಮ್ಮೆ ಒಂದೊಂದು ಮನೆಗೆ ಬರುತ್ತಿದ್ದ. ಆ ಮನೆಯ ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಗಂಡುಕೂಸಿನ ತನಕ ಹೆಸರು ಹಿಡಿದು, ಒಬ್ಬೊಬ್ಬನ ಶೌರ್ಯ ಹೇಳಿ, ನಡುನಡುವೆ ಗಂಟೆ ಹೊಡೆಯುತ್ತಿದ್ದ. ಮೊದಲು ಎತ್ತಿನ ಮೇಲೆ ಬರುತ್ತಿದ್ದ. ಆಮೇಲಾಮೇಲೆ ಬಸ್ಸಿನಲ್ಲಿ. ಗಂಟೆ ಚೀಲದಲ್ಲಿರುತ್ತಿತ್ತು, ದಾರಿಯಲ್ಲಿ ಸದ್ದಾಗಬಾರದೆಂದು ಅದರ ನಾಲಿಗೆಗೆ ಬಟ್ಟೆ ಸುತ್ತಿರುತ್ತಿದ್ದ. ಜೊತೆಗೆ ಅವನ ಹೆಂಡತಿ. ಆಕೆಯನ್ನು ಎಲ್ಲರೂ ಹೆಳವಮ್ಮ ಅನ್ನುತ್ತಾರೆ. ಅಜ್ಜ ಪಡಸಾಲೆಯಲ್ಲಿ ಕೂತರೆ ಆಕೆ ಒಳಗೆ ಹೋಗಿ ಹೆಂಗಸರ ಹತ್ತಿರ ಕೂರುತ್ತಿದ್ದಳು.

ನನ್ನ ಸಂಶೋಧನೆಯ ವಿಷಯವನ್ನು ಕೊಟ್ಟವರು ನನ್ನ ಮಾರ್ಗದರ್ಶಕರು. ದಕ್ಷಿಣ ಆಫ್ರಿಕಾದ ರಾಜರ ಹೊಗಳಿಕೆ ಕಾವ್ಯದಲ್ಲಿ ಗಂಡಸುತನ ಹೇಗೆ ಕಟ್ಟಿಕೊಳ್ಳುತ್ತದೆ, ನಮ್ಮ ಹೆಳವರ ವಂಶಾವಳಿಯಲ್ಲಿ ಹೇಗೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆಫ್ರಿಕಾವನ್ನು ನಾನು ಪುಸ್ತಕದಲ್ಲಿ ನೋಡಿದವಳು. ಆದರೂ ಓದುತ್ತಾ ಹೋದಂತೆ ಅದು ನಮ್ಮ ಊರಿನ ಹಾಗೇ ಕಂಡಿತು. ಅಲ್ಲಿಯ ಹೊಗಳುಗ ಚರ್ಮ ಹೊದ್ದು ರಾಜನ ಮುಂದೆ ನಡೆಯುತ್ತಾ ಉಸಿರು ಬಿಡದೆ ಹೇಳುತ್ತಾನೆ: ನೀನು ಹೋರಿ, ನೀನು ಆನೆ, ನೀನು ವೈರಿಯನ್ನು ನುಂಗಿದವನು. ನಮ್ಮ ಹೆಳವ ಅಜ್ಜನೂ ಹೋರಿಯಿಂದಲೇ ಸುರುಮಾಡುತ್ತಿದ್ದ. ಅಲ್ಲಿ ತಾಯಿ ಬರುವುದು 'ಇಂಥವಳ ಮಗ' ಅನ್ನುವಷ್ಟಕ್ಕೆ. ಇಲ್ಲಿ ಅದೂ ಇಲ್ಲ. ಆ ಪುಸ್ತಕದಲ್ಲಿ ಹೆಂಗಸರ ಬಗ್ಗೆ ಒಂದು ಅಧ್ಯಾಯವಿತ್ತು. ನನ್ನ ವಿಷಯ ಗಂಡಸುತನ ತಾನೆ, ಅದನ್ನು ಆಮೇಲೆ ಓದಿದರಾಯಿತು ಅಂತ ಬಿಟ್ಟಿದ್ದೆ.

ನಮ್ಮದು ಜೇವರ್ಗಿ ತಾಲೂಕು, ಅಂದೋಲಾದ ಆಚೆ ಒಂದು ಹಳ್ಳಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವರಲ್ಲಿ ಮೊದಲನೆಯವಳು ನಾನು. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸಾಲಿಗೆ, ಅಂದರೆ ಶಾಲೆಗೆ, ಸೇರಿದ ದಿನದಿಂದ ಅಪ್ಪ ನನ್ನನ್ನು ಕರೆದದ್ದು 'ಮಾಸ್ತರ' ಅಂತ. "ಏ ಮಾಸ್ತರ, ನೀರು ಕೊಡು." "ಮಾಸ್ತರ ಉಂಡ್ಳೇನು?" ಹೆಸರು ಹಿಡಿದು ಕರೆದ ನೆನಪೇ ಇಲ್ಲ. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ. ಊರಲ್ಲಿ ಹಾಗೇ ಹೇಳಿಕೊಂಡು ತಿರುಗಿದ್ದೆ ಕೂಡ.

ಆಳಂದ ತಾಲೂಕಿನ ಆ ಮನೆ ನರೋಣಾದಿಂದ ಮುಂದೆ. ಊರ ಹೆಸರು ಬರೆಯುವುದಿಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರು, ಬಿಸಿಲಿಗೆ ಅಂಗಳದ ಫರಸಿಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಇಪ್ಪತ್ತು ಗಂಡಸರು ಕೂತಿದ್ದರು. ಹೆಂಗಸರು ಒಬ್ಬರೂ ಕಾಣಲಿಲ್ಲ. ಒಳಗಿನ ಬಾಗಿಲ ಕತ್ತಲಲ್ಲಿ ಆಗಾಗ ಬಳೆಯ ಸದ್ದು, ಅಷ್ಟೆ. ನನ್ನನ್ನು ಗಂಡಸರ ಸಾಲಿನಲ್ಲೇ ಕೂರಿಸಿದರು. ಕಲಿತವಳಿಗೆ ಎಲ್ಲ ಕಡೆಯೂ ಅದೇ ಜಾಗ.

ಯಜಮಾನರು ನನ್ನ ಕಡೆ ತಿರುಗಿ ಮೊದಲೇ ಹೇಳಿಬಿಟ್ಟರು. "ನಮ್ಮ ಮನಿತನಕ್ಕ ಒಂಬತ್ತು ಗಂಟಿ ಅವರಿ ಮೇಡಮ್ಮರ. ಖಜೂರಿ ಊರತನಕ ಹುಡುಕ್ರಿ, ಯಾರ ಮನಿಗೂ ಒಂಬತ್ತಿಲ್ಲ."

"ಗಂಟಿ ಯಾಕ ಹೊಡೀತಾರ್ರಿ?"

"ಯಾಕಂದ್ರ? ಪರಾಕ್ರಮಕ್ಕ! ಕಿರುಬ ಹೊಡದಾವ್ಗ ಒಂದು, ದರೋಡಿಕಾರರ್ನ ತಡದಾವ್ಗ ಒಂದು, ಹಂಗ. ಬರಕೋರಿ, ಬರಕೋರಿ. ಬಾಜೂ ಮನ್ಯವ್ರಿಗೆ ಎರಡ ಗಂಟಿ, ಅವ್ರೂ ಮೀಸಿ ಬಿಟ್ಟಾರ!" ಪಡಸಾಲೆಯೆಲ್ಲ ನಕ್ಕಿತು. ಬಾಜೂ ಮನೆಯವರೂ ಅಲ್ಲೇ ಕೂತಿದ್ದರು, ಅವರೂ ನಕ್ಕರು.

ಅಜ್ಜ ನಗಲಿಲ್ಲ. ಗಂಟೆಯ ನಾಲಿಗೆಯಿಂದ ಬಟ್ಟೆ ಬಿಚ್ಚಿ, ಮಡಚಿ, ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಎತ್ತಿದ ದನಿಯಲ್ಲಿ ಸುರುಮಾಡಿದ: ಮೂಗುದಾಣ ಕಾಣದ ಹೋರಿ, ಹೊಳಿಗೆ ಎದಿ ಕೊಟ್ಟಾವ, ಏಳು ಗಂಡಸರ ಹಡದಾವ... ಗಂಡಸು ಏಳು ಗಂಡಸರನ್ನು ಹಡೆದನಂತೆ. ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಹೋಗುವ ಸಂದಿಯಲ್ಲಿ ತಟ್ಟನೆ ನಿಂತು ಒಂದು ಗಂಟೆ ಹೊಡೆದ. ಒಂದೇ ಏಟು. ಅದು ಪೂರ್ತಿ ಸಾಯುವ ತನಕ ಸುಮ್ಮನಿದ್ದು ಮುಂದೆ ಹೇಳಿದ. ಪ್ರತಿ ಗಂಟೆಗೂ ಯಜಮಾನರು ಬೆರಳು ಮಡಚುತ್ತಿದ್ದರು. ಒಂಬತ್ತಾಯಿತು. ನಾನೂ ಬರೆದುಕೊಂಡೆ.

ಬರೆದುಕೊಂಡದ್ದನ್ನೇ ಪ್ರಬಂಧ ಮಾಡಿದೆ. ಆಫ್ರಿಕಾದ ಹೊಗಳುಗ ಶೌರ್ಯವನ್ನು ಉಪಮೆಯಿಂದ ಅಳೆಯುತ್ತಾನೆ, ನಮ್ಮ ಹೆಳವ ಗಂಟೆಯಿಂದ ಅಳೆಯುತ್ತಾನೆ, ಗಂಟೆಯೇ ಇಲ್ಲಿ ಗಂಡಸುತನದ ಮಾನ. ವಿಚಾರ ಸಂಕಿರಣದಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಮಾರ್ಗದರ್ಶಕರು ಎಲ್ಲರ ಎದುರು "ಇದು ಹೊಸ ಮಾತು" ಅಂದರು. ನಮ್ಮ ಮನೆತನಕ್ಕೂ ಒಂದು ಗಂಟೆ ಇದೆ, ನಮ್ಮ ಹಿರಿಯನೊಬ್ಬ ಬರಿಗೈಲಿ ತೋಳ ಕೊಂದದ್ದಕ್ಕೆ, ಅಂತ ನಾನು ಭಾಷಣದ ಕೊನೆಗೆ ಸೇರಿಸಿದ್ದೆ. ಅಪ್ಪ ಹೇಳಿದ್ದ ಕತೆ ಅದು.

ಸಂಕಿರಣ ಮುಗಿದು ಎರಡು ವಾರಕ್ಕೆ ಧ್ವನಿಮುದ್ರಿಕೆಯ ಅಕ್ಷರರೂಪ ಸಿದ್ಧಮಾಡಲು ಕೂತೆ. ಪಡಸಾಲೆಯಲ್ಲಿ ಇಟ್ಟಿದ್ದ ಯಂತ್ರದಲ್ಲಿ ಗಂಟೆ ಬಂದ ಕಡೆಯೆಲ್ಲ ಸದ್ದು ಒಡೆದಿತ್ತು. ಅಲ್ಲಲ್ಲಿ ಅದನ್ನು ಕತ್ತರಿಸಿ, ಗೂಡಿನ ಯಂತ್ರದ ಸದ್ದನ್ನು ತಂದು ಜೋಡಿಸಬೇಕು. ವಿಭಾಗದ ಕೋಣೆಯಲ್ಲಿ ಮಧ್ಯಾಹ್ನ ಯಾರೂ ಇರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಮೊದಲನೆಯ ಗಂಟೆಗೆ ಹೋದೆ. ಏಟು, ಆಮೇಲೆ ಕಂಪಿಸುತ್ತಾ ಇಳಿಯುವ ಸದ್ದು, ಸುಮಾರು ಏಳು ಸೆಕೆಂಡು. ಇಳಿಯುವ ಸದ್ದಿನ ಅಡಿಯಲ್ಲಿ ಏನೋ ಇತ್ತು.

ತಂತಿಯ ದೋಷ ಅಂದುಕೊಂಡೆ. ತಂತಿ ಬದಲಿಸಿದೆ. ಇತ್ತು. ಬೇರೆ ಕಂಪ್ಯೂಟರಿಗೆ ಹಾಕಿದೆ. ಇತ್ತು. ಗಂಟೆಯ ಸ್ವರ ಇರುವ ಪಟ್ಟಿಯನ್ನಷ್ಟೇ ತಗ್ಗಿಸಿ ಉಳಿದದ್ದನ್ನು ಏರಿಸಿದೆ. ಆಗ ಕೇಳಿಸಿತು. ಹೆಂಗಸರ ದನಿ. ಒಬ್ಬರದಲ್ಲ, ನಾಲ್ಕೈದು ಜನರದು. ಬಾಯಿ ಪೂರ್ತಿ ತೆರೆಯದೆ, ಎಲ್ಲರೂ ಒಟ್ಟಿಗೆ, ಒಂದೇ ಮಾತು. ಗಂಟೆ ಸಾಯುವ ಮೊದಲೇ ಆ ಮಾತು ಮುಗಿಯುತ್ತಿತ್ತು.

ಎರಡನೆಯ ಗಂಟೆಗೆ ಹೋದೆ. ಬೇರೆ ಮಾತು. ಮೂರನೆಯದು ಬೇರೆ. ಒಂಬತ್ತಕ್ಕೂ ಒಂಬತ್ತು. ನಾಲ್ಕನೆಯದು ಸ್ಪಷ್ಟವಾಗಿ ಬಂತು: 'ಸಿದ್ದಮ್ಮ.' ಏಳನೆಯದು: 'ಕಾಶಿಬಾಯಿ.' ಹೆಡ್‌ಫೋನ್ ತೆಗೆದಿಟ್ಟೆ. ಹೊರಗೆ ಕಾರಿಡಾರಿನಲ್ಲಿ ಯಾರೋ ನಗುತ್ತಾ ಹೋದರು. ಆ ಕೋಣೆಯಲ್ಲಿ ಬೆನ್ನು ಬಾಗಿಲ ಕಡೆ ಮಾಡಿ ಕೂರಲು ನನಗೆ ಆಗಲಿಲ್ಲ. ಕುರ್ಚಿ ತಿರುಗಿಸಿಕೊಂಡೆ.

ಅಜ್ಜನಿಗೆ ಫೋನು ಮಾಡಿ ಕೇಳಿದೆ. "ಗಂಟಿ ಗಂಟಿನ ಅದ ತಂಗಿ," ಅಂದ. "ಹೊಡಿಯೂದಷ್ಟ ನನ್ನ ಕೆಲಸ." ಫೋನು ಇಟ್ಟ.

ಒಂದು ಮನೆಯದನ್ನು ನಂಬುವ ಹಾಗಿಲ್ಲ. ಮುಂದಿನ ಮನೆ ಅಫಜಲಪುರ ತಾಲೂಕಿನಲ್ಲಿತ್ತು, ಭೀಮೆಯ ದಂಡೆಗೆ, ಸುತ್ತ ಕಬ್ಬು. ಎರಡು ಗಂಟೆಯ ಮನೆ. ಅಲ್ಲಿಯೂ ಎರಡನೆಯ ಯಂತ್ರವನ್ನು ಒಳಗೆ ಇಟ್ಟೆ. "ಗಂಟಿ ಸದ್ದಿಗೆ" ಅಂತ ಹೇಳಿದೆ. ಮೊದಲ ಮನೆಯಲ್ಲಿ ಅದು ನಿಜವಾಗಿತ್ತು. ಇಲ್ಲಿ ಅದು ಸುಳ್ಳು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದು ಮನೆಯ ಗಂಡಸು, ಒಳಗಿನ ಹೆಂಗಸನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಆ ಮನೆಯಲ್ಲಿ ಇದ್ದ ಹೆಂಗಸು ಒಬ್ಬಳೇ, ಸೊಸೆ, ಇಪ್ಪತ್ತೆರಡರ ಆಸುಪಾಸು. ಅತ್ತೆ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಹೆಳವಮ್ಮನಿಗೆ ಅವತ್ತು ಮೊಣಕಾಲು ನೋವು. ಒಳಗೆ ಹೋಗಲಾರದೆ ಅಂಗಳದ ಬೇವಿನ ಗಿಡದ ಕೆಳಗೆ ನನ್ನ ಪಕ್ಕದಲ್ಲೇ ಕೂತಿದ್ದಳು. ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಅವತ್ತೇ ಬರೆದಿದ್ದೇನೆ, ಈಗ ನೆನಪಿನಿಂದ ಹೇಳುತ್ತಿಲ್ಲ.

ಅಫಜಲಪುರದ ಬಸ್ ನಿಲ್ದಾಣದಲ್ಲಿ ಕೂತು ಕೇಳಿದೆ. ಮೊದಲನೆಯ ಗಂಟೆಯ ಅಡಿಯಲ್ಲಿ ಸೊಸೆಯ ದನಿ. ಎರಡನೆಯ ಗಂಟೆಯ ಅಡಿಯಲ್ಲೂ ಅವಳ ದನಿ. ಅದರ ಹಿಂದೆ, ಅರ್ಧ ಉಸಿರು ತಡವಾಗಿ, ಇನ್ನೊಂದು. ಕಲ್ಲಿನ ಮನೆ, ಪ್ರತಿಧ್ವನಿ ಇರಬಹುದು. ಹಾಗಾದರೆ ಮೊದಲನೆಯ ಗಂಟೆಗೂ ಇರಬೇಕಿತ್ತು. ಅದನ್ನು ಇವತ್ತಿಗೂ ಬಿಡಿಸಲು ನನ್ನಿಂದ ಆಗಿಲ್ಲ.

ಮರುದಿನ ಹೆಳವಮ್ಮ ಇಳಿದುಕೊಂಡಿದ್ದ ಗುಡಿಯ ಪೌಳಿಗೆ ಹೋದೆ. ಅಜ್ಜ ಮಲಗಿದ್ದ. ಆಕೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಯಮ್ಮಾ, ಗಂಟಿ ಹೊಡದಾಗ ಒಳಗ ಹೆಣ್ಣಮಕ್ಕಳು ಹೆಸರು ತಗೀತಾರ. ಯಾರ ಹೆಸರವು?"

ಆಕೆಯ ಬೆರಳು ನಿಂತಿತು. "ಯಾರು ಹೇಳಿದ್ರು?"

"ಮಷಿನ್ಯಾಗ ಕೇಳಸ್ತು."

"ಮಷಿನಿಗಿ ಕೇಳಸ್ತಾ? ಇಷ್ಟು ವರ್ಷ ಆ ಪಡಸಾಲ್ಯಾಗ ಕುಂತ ಗಂಡಸರಿಗಿ ಕೇಳಸಿಲ್ಲ." ಎಲೆ ಮಡಚಿ ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. "ಬಾವಿಗಿ ಹ್ವಾದವ್ರು, ಹೊಳಿಗಿ ಹ್ವಾದವ್ರು, ಬೆಂಕಿಗಿ ಹ್ವಾದವ್ರು. ಯಾರ ಹೆಸರು ಮನ್ಯಾಗ ತಗೀಬ್ಯಾಡಂತ ಗಂಡಸರು ಕಟ್ಟಪ್ಪಣಿ ಮಾಡ್ಯಾರ, ಅವ್ರದು. ಬರೇ ತಗದ್ರ ಹಲ್ಲು ಉದರಸ್ತಾರ. ಗಂಟಿ ಸದ್ದಿನ್ಯಾಗ ತಗದ್ರ ಯಾರಿಗಿ ಗೊತ್ತಾಗ್ತದ? ಮೂರು ವರ್ಷಕ್ಕೊಮ್ಮಿ ಅಂತಾರ. ಅತ್ತಿ ಸೊಸಿಗಿ ಹೇಳ್ತಾಳ, ಸೊಸಿ ತನ್ನ ಸೊಸಿಗಿ. ಎಲ್ಲೆಲ್ಲಿ ಹೊಡೀಬೇಕಂತ ನಾ ಅಜ್ಜಗ ಹೇಳ್ತೇನಿ, ನಮ್ಮತ್ತಿ ನಮ್ಮ ಮಾವಗ ಹೇಳ್ತಿದ್ಳು."

"ಮತ್ತ ಗಂಡಸರು? ಪರಾಕ್ರಮ ಅಂತಾರಲ್ಲ?"

"ಅವ್ರ ಹೊಗಳಿಕಿ ನಡದಾಗ ಗಂಟಿ ಆದ್ರ ಅವರದ ಅಂತ ತಿಳಕೋತಾರ. ನಾವೇನ ಹೇಳಿಲ್ಲ ಬಿಡು. ಕಿರುಬ, ತೋಳ ಎಲ್ಲಾ ಅವ್ರ ಕಟ್ಟಿದ್ದು."

ಆಳಂದದ ಯಜಮಾನರು ಬೆರಳು ಮಡಚುತ್ತಿದ್ದದ್ದು ಕಣ್ಣಿಗೆ ಬಂತು. "ಒಂಬತ್ತು," ಅಂದೆ.

"ಹೂಂ," ಅಂದಳು ಹೆಳವಮ್ಮ. "ಒಂಬತ್ತು."

ಆಮೇಲೆ ನನ್ನನ್ನೇ ನೋಡುತ್ತಾ ಕೇಳಿದಳು. "ನಿಮ್ಮನ್ಯಾಗೂ ಒಂದು ಗಂಟಿ ಅದ. ಅದು ಆಗೂಮುಂದ ನೀ ಎಲ್ಲಿ ಕುಂತಿದ್ದಿ?"

"ಅಪ್ಪನ ಮಗ್ಗಲಾಗ."

"ಅದಕ್ಕ ನಿನಗ ಮಷಿನು ಬೇಕಾತು." ಎದ್ದು ಎಲೆ ಉಗುಳಿ ಬಂದಳು. "ಬರೀಬ್ಯಾಡ. ಬರದಿ ಅಂದ್ರ ಮುಂದಿನ ವರ್ಷ ನಮಗ ಯಾವ ಮನ್ಯಾಗೂ ಬಾಗಲಾ ತಗಿಯಂಗಿಲ್ಲ. ನಮ್ಮ ಹೊಟ್ಟಿದು ಒಂದ್ಕಡಿ ಇರ್ಲಿ. ಗಂಟಿನ ನಿಂತ್ರ ಆ ಹೆಣ್ಣಮಕ್ಕಳಿಗಿ ಇರೂದು ಏನದ?"

ಅದಕ್ಕೇ ಅವರಿಬ್ಬರೂ ತಿರುಗುತ್ತಿದ್ದಷ್ಟು ದಿನ ನಾನು ಇದನ್ನು ಎಲ್ಲಿಯೂ ಬರೆಯಲಿಲ್ಲ. ಅಜ್ಜನಿಗೆ ಈಗ ದನಿ ಹೋಗಿದೆ. ಹೋದ ಸಲ ಭೇಟಿಯಾದಾಗ ಹೆಳವಮ್ಮ ತಾನಾಗಿ ಹೇಳಿದಳು, "ಮನಿ ಬರೀಬ್ಯಾಡ, ಊರು ಬರೀಬ್ಯಾಡ. ಗಂಟಿ ಬರಿ. ಇನ್ನ ಹೊಡಿಯಾವ್ರ ಇಲ್ಲ."

ಆದರೆ ಗುಡಿಯಿಂದ ಮರಳಿದ ಆ ದಿನಗಳಲ್ಲಿ ನನಗೆ ಸಿಕ್ಕಿದ್ದು ಇಕ್ಕಟ್ಟು. ಸಂಕಿರಣದಲ್ಲಿ ನಾನು ಹೇಳಿದ್ದು ತಪ್ಪು, ಸರಿಯಾದದ್ದನ್ನು ಹೇಳುವ ಹಾಗಿಲ್ಲ. ಮಾರ್ಗದರ್ಶಕರ ಹತ್ತಿರ ಹೋಗಿ ಗಂಟೆಯ ಅಧ್ಯಾಯ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದೆ. ಅವರು ಕನ್ನಡಕ ತೆಗೆದರು.

"ಕಾರಣ?"

"ಅರ್ಥ ತಪ್ಪಾಗಿದೆ ಸರ್."

"ಸರಿಯಾದ ಅರ್ಥ?"

"ಹೇಳಕ್ಕಾಗಲ್ಲ ಸರ್."

"ಸಂಶೋಧನೆಯಲ್ಲಿ ಹಾಗೊಂದು ಉತ್ತರ ಇಲ್ಲಮ್ಮ. ನಿನ್ನ ಇಡೀ ಪ್ರಬಂಧ ನಿಂತಿರೋದು ಆ ಅಧ್ಯಾಯದ ಮೇಲೆ. ನಿಮ್ಮ ಮನೆಗೂ ಹೆಳವರು ಬರ್ತಾರೆ ಅಂದಿದ್ದೆಯಲ್ಲ? ಅಲ್ಲಿಂದ ಸಾಕ್ಷಿ ತಾ. ನಿನ್ನದೇ ಮನೆ, ಯಾರ ಒಪ್ಪಿಗೆಯ ಪ್ರಶ್ನೆಯೂ ಇಲ್ಲ. ತಂದರೆ ಹೊಸದಾಗಿ ಬರೆ. ತರದಿದ್ದರೆ ಹಳೆಯದೇ ಇರಲಿ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಅಂತ ನನಗೂ ಅನಿಸಿತು. ನಮ್ಮ ಮನೆಯದು ಅಂದಾಗ ನೆನಪಾಯಿತು: ಮೂರು ವರ್ಷದ ಹಿಂದೆ ಅಜ್ಜ ಬಂದಾಗ ನನಗೆ ಪರೀಕ್ಷೆ, ಊರಿಗೆ ಹೋಗಿರಲಿಲ್ಲ. ಅವ್ವ ತನ್ನ ಫೋನಿನಲ್ಲಿ ಹೇಗೋ ಹಿಡಿದು ವಾಟ್ಸಾಪಿನಲ್ಲಿ ಕಳಿಸಿದ್ದಳು. ಅಕ್ಷರ ಬಾರದ ಅವ್ವ ಚಿತ್ರ ನೋಡಿ ಗುಂಡಿ ಒತ್ತಿ ಕಳಿಸಿದ್ದು ಅಂತ ಹೆಮ್ಮೆಪಟ್ಟು ಉಳಿಸಿಕೊಂಡಿದ್ದೆ. ಪೂರ್ತಿ ಕೇಳಿರಲಿಲ್ಲ.

ಹಾಸ್ಟೆಲಿನ ಕೋಣೆ. ಮಧ್ಯಾಹ್ನ ಮೂರು ಗಂಟೆ. ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಕಂಪ್ಯೂಟರಿಗೆ ಹಾಕಿ ಗಂಟೆಯ ಜಾಗ ಹುಡುಕಿದೆ. ಅವ್ವ ಅಡುಗೆಮನೆ ಬಾಗಿಲಲ್ಲೇ ನಿಂತು ಹಿಡಿದದ್ದು, ಹಾಗಾಗಿ ಹೆಚ್ಚು ಏರಿಸಬೇಕಾಗಲಿಲ್ಲ. ಗಂಟೆ ಹೊಡೆಯಿತು. ಅದರ ಅಡಿಯಲ್ಲಿ, ಫೋನಿಗೆ ಬಾಯಿ ತಾಗುವಷ್ಟು ಹತ್ತಿರದಿಂದ, ಅವ್ವನ ದನಿ ಹೇಳಿತು: 'ಚಂದಮ್ಮ.'

ಅದು ನನ್ನ ಹೆಸರು.

ಮತ್ತೆ ಹಾಕಿದೆ. ಚಂದಮ್ಮ. ಬಾವಿಗೆ, ಹೊಳೆಗೆ, ಬೆಂಕಿಗೆ ಹೋದವರ ಹೆಸರು ಹೇಳುವ ಜಾಗದಲ್ಲಿ ಹಡೆದ ತಾಯಿ ನನ್ನ ಹೆಸರು ಹೇಳುತ್ತಿದ್ದಾಳೆ, ಮೂರು ವರ್ಷದ ಹಿಂದೆ. ಬಿಸಿಲಲ್ಲಿ ಕೈ ಚಾಚಿ ನೆರಳು ಬೀಳುತ್ತದೆಯೋ ಇಲ್ಲವೋ ನೋಡಿದೆ. ಕಲಿತವಳು ಮಾಡುವ ಕೆಲಸ ಅಲ್ಲ, ಆದರೆ ಮಾಡಿದೆ. ಬಿತ್ತು.

ಅವ್ವನಿಗೆ ಫೋನು ಮಾಡಿದೆ. "ಅವ್ವಾ, ಗಂಟಿ ಹೊಡದಾಗ ನನ್ನ ಹೆಸರು ಯಾಕ ತಗದಿ?"

ಆ ಕಡೆ ತವೆಯ ಮೇಲೆ ಏನೋ ಸುಡುತ್ತಿತ್ತು. ಅವ್ವ ಅಂದಳು, "ನಿಂದಲ್ಲವ್ವ."

"ಮತ್ಯಾರದು?"

"ಫೋನಿನ್ಯಾಗ ಹೇಳೂ ಮಾತಲ್ಲ ಅದು. ಈ ಸಲ ಅಜ್ಜ ಬಂದಾಗ ಬಾ. ಮುಂದ ಕುಂಡ್ರಬ್ಯಾಡ. ಒಳಗ ಬಾ."

ಫೆಬ್ರುವರಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ನಮ್ಮೂರಿನ ಸರದಿ ಬಂತು. ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ, ಬಿಟ್ಟಿದ್ದ ಆ ಹೆಂಗಸರ ಅಧ್ಯಾಯ ಓದಿದೆ. ಒಬ್ಬನೇ ಗಂಡನ ಹೆಂಡಂದಿರು ತಮ್ಮ ಹೊಗಳಿಕೆಯನ್ನು ತಾವೇ ಕಟ್ಟಿಕೊಳ್ಳುತ್ತಾರಂತೆ. ಗಂಡನನ್ನೂ ಅತ್ತೆಯನ್ನೂ ನೇರ ಬೈದರೆ ತಪ್ಪು, ಆದರೆ ತನ್ನ ಹೊಗಳಿಕೆಯ ಸಾಲಿನಲ್ಲಿ ಸೇರಿಸಿ ಹೇಳಿದರೆ ಯಾರೂ ಶಿಕ್ಷಿಸುವ ಹಾಗಿಲ್ಲ. ರಾಜನ ಮುಂದೆ ಆನೆ, ಹೋರಿ ಅಂತ ಹೊಗಳಿಕೆ ನಡೆದಾಗ ಹಿಂದಿನ ಗುಡಿಸಿಲಲ್ಲಿ ಇದು ನಡೆದಿತ್ತು. ಪುಸ್ತಕ ನನ್ನ ಕೈಯಲ್ಲಿ ಒಂದು ವರ್ಷದಿಂದ ಇತ್ತು. ನಾನು ಅಲ್ಲಿಯೂ ಮುಂದೆಯೇ ಕೂತಿದ್ದೆ.

ಮನೆ ಮುಟ್ಟಿದಾಗ ಅಪ್ಪ ಪಡಸಾಲೆ ಗುಡಿಸಿ ಜಮಖಾನೆ ಹಾಸುತ್ತಿದ್ದ. ಅಜ್ಜ ಬಂದು ಕೂತಿದ್ದ.

"ಅಜ್ಜಾ, ಈ ಸಲ ನಮ್ಮ ಮಾಸ್ತರಂದು ಒಂದು ಸಾಲು ಹಾಕಬೇಕ್ರಿ. ನಮ್ಮ ಏಳು ತಲಿಯಾಗ ಯಾರೂ ಇಷ್ಟು ಕಲ್ತಿಲ್ಲ."

"ವಂಶದಾಗ ಹೆಣ್ಣಿನ ಹೆಸರು ಬರಂಗಿಲ್ಲಪಾ."

"ಹೆಸರು ಬ್ಯಾಡ್ರಿ," ಅಪ್ಪ ಬೇಗ ಅಂದ. "ಮಾಸ್ತರ ಅನ್ರಿ ಸಾಕು. ಮಗ ಅನ್ರಿ. ಮಗನಕಿಂತ ಏನು ಕಡಿಮಿ ಅದಾಳ?"

ಅಜ್ಜ ಕಣ್ಣು ಮುಚ್ಚಿ ತುಟಿಯಲ್ಲೇ ಸಾಲು ಹೊಂದಿಸಿದ. "ಸಾಲಿ ಎಂಬ ಕಾಳಗ ಗೆದ್ದ ಗಂಡುಗಲಿ ಮಗ. ಆಗಬೋದಾ?"

"ಬರೋಬರ್!" ಅಂದ ಅಪ್ಪ. ನನ್ನ ಕಡೆ ನೋಡಿ ನಕ್ಕ. ಎಷ್ಟು ಖುಷಿ ಇತ್ತು ಆ ಮುಖದಲ್ಲಿ. "ಮಾಸ್ತರ, ಇಲ್ಲಿ ಕುಂಡ್ರು, ನನ್ನ ಮಗ್ಗಲಾಗ."

"ಮಷಿನು ಒಳಗೊಂದು ಇಡಬೇಕಪ್ಪ, ಬಂದೆ," ಅಂತ ಹೇಳಿ, ಒಂದು ಯಂತ್ರವನ್ನು ಪಡಸಾಲೆಯಲ್ಲಿ ಓಡಲು ಬಿಟ್ಟು, ಇನ್ನೊಂದನ್ನು ಹಿಡಿದು ಒಳಗೆ ಹೋದೆ.

ಅಡುಗೆಮನೆಯಲ್ಲಿ ಅವ್ವ, ಚಿಕ್ಕಮ್ಮ, ಹೆಳವಮ್ಮ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. ಹೊರಗೆ ಕೇಳಬಾರದು ಅಂತ ರೊಟ್ಟಿಯ ಸದ್ದಿಗೆ ಸರಿಯಾಗಿ ಹೇಳಿದಳು.

"ನಿಮ್ಮಪ್ಪನ ಅಕ್ಕ. ನಿನ್ನ ಸ್ವಾದರತ್ತಿ. ಏಳನೇ ಕ್ಲಾಸಿನ ಪರೀಕ್ಷಿ ಕದ್ದು ಬರಿಯಾಕ ಹೋಗಿದ್ಳಂತ, ಹೊಲಕ್ಕ ಹೋಗ್ತೇನಿ ಅಂತ ಹೇಳಿ. ನಿಮ್ಮಪ್ಪ ಆಗ ಸಣ್ಣಾವ. ನೋಡಿ ಬಂದು ಅವ್ರಪ್ಪನ ಮುಂದ, ನಿಮ್ಮ ಮುತ್ಯಾನ ಮುಂದ ಅಂದ. ಅಕ್ಕ ಸಾಲ್ಯಾಗ ಅದಾಳ ಅಂತ. ಚಾಡಿ ಅಲ್ಲವ್ವ, ಖುಷಿಯಿಂದ ಅಂದಿದ್ನಂತ. ಮುತ್ಯಾ ಪುಸ್ತಕ ಒಲಿಗಿ ಹಾಕಿ ಹೊಡದ. ಮರದಿನ ನೀರಿಗಿ ಹ್ವಾದಾಕಿ ಬರಲಿಲ್ಲ. ಕೊಡ ಬಾವಿ ದಂಡಿ ಮ್ಯಾಲ ಇತ್ತಂತ. ತುಂಬಿದ್ದು."

"ನನಗ ಅಕಿ ಹೆಸರು ಯಾಕ ಇಟ್ರಿ?"

"ತೊಟ್ಟಿಲಕ್ಕ ಹಾಕಿದಾಗ ಕಿವ್ಯಾಗ ಹೆಸರು ಕೂಗಾಕಿ ಸ್ವಾದರತ್ತಿ ಅಲ್ಲೇನ? ನಿನಗ ಕೂಗಾಕಿ ಇಲ್ಲ. ನಿಮ್ಮ ಆಯಿ, ನಿಮ್ಮಪ್ಪನ ಅವ್ವ, ತಾನ ಬಗ್ಗಿ ಕೂಗಿದ್ಳು, ಮಗಳ ಹೆಸರನ. ನಿಮ್ಮಪ್ಪ ಹೊಲದಿಂದ ಬರೂದ್ರಾಗ ಹೆಸರಾಗಿಹೋಗಿತ್ತು. ಅವತ್ತಿಂದ ಇವತ್ತಿನತನಕ ಅವನ ಬಾಯಾಗ ಆ ಹೆಸರು ಬಂದಿಲ್ಲ. ಮಾಸ್ತರ ಅಂತಾನ."

ನನ್ನ ಕೈಯಲ್ಲಿ ಯಂತ್ರ ಇತ್ತು. ತಾಟಿನ ಸ್ಟ್ಯಾಂಡಿನ ಮೇಲೆ ಇಟ್ಟು ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಅವ್ವ ಅದನ್ನು ನೋಡಿದಳು. ಹೆಳವಮ್ಮನೂ ನೋಡಿದಳು. ಮಾರ್ಗದರ್ಶಕರು ಹೇಳಿದ ಸಾಕ್ಷಿ ಇದೇ. ನನ್ನದೇ ಮನೆ, ನನ್ನದೇ ಹೆಸರು. ಹೊರಗೆ ಅಜ್ಜ ಹೋರಿಯಿಂದ ಸುರುಮಾಡಿದ್ದ. ಹೆಸರುಗಳು ಒಂದೊಂದಾಗಿ ಇಳಿದು ಬರುತ್ತಿದ್ದವು. ನಾಲ್ಕನೆಯ ತಲೆಮಾರು, ಮೂರನೆಯ ತಲೆಮಾರು. ಮುತ್ಯಾನ ಹೆಸರು ಬಂದಾಗ ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು. ನಾನು ಕೈ ಚಾಚಿ ಯಂತ್ರ ಆರಿಸಿದೆ.

ಆ ಅಧ್ಯಾಯ ನನ್ನ ಪ್ರಬಂಧದಲ್ಲಿ ಹೊಸದಾಗಿಯೂ ಇಲ್ಲ, ಹಳೆಯದಾಗಿಯೂ ಇಲ್ಲ. ಅದಕ್ಕಾಗಿ ಎರಡು ವರ್ಷ ಹೆಚ್ಚು ಹಿಡಿಯಿತು. ಹಿಡಿಯಲಿ.

ಗಂಟೆ ಹೊಡೆಯಿತು. ಮೂವರೂ ಒಟ್ಟಿಗೆ, ತುಟಿ ಬಿಡಿಸಿಯೂ ಬಿಡಿಸದ ಹಾಗೆ, ಹೇಳಿದರು. ಮೂರು ಜನರ ಬಾಯಲ್ಲಿ ನನ್ನ ಹೆಸರು ನನ್ನದಲ್ಲದ ಹಾಗೆ ಕೇಳಿಸಿತು. ನನ್ನಿಂದ ಹೇಳಲಾಗಲಿಲ್ಲ.

ಹೊರಗೆ ಅಜ್ಜ ಮುಂದುವರಿದ. ಅಪ್ಪನ ಹೆಸರು ಬಂತು, ಅಣ್ಣನ ಹೆಸರು ಬಂತು. ಅಪ್ಪ ಕೂಗಿದ, "ಏ ಮಾಸ್ತರ! ಎಲ್ಲಿದ್ದಿ? ನಿನ್ನ ಸಾಲು ಬಂತು ಬಾ!"

ನಾನು ಏಳಲಿಲ್ಲ. ಅಜ್ಜನ ದನಿ ನಿಂತಿತು. ಅಪ್ಪನ ಮಗ್ಗಲಲ್ಲಿ ನನ್ನ ಜಾಗ ಖಾಲಿ ಇರುವುದನ್ನು ಅವನು ನೋಡಿರಬೇಕು. ಒಳಗೆ ಹೋದವಳನ್ನು ಗಂಡುಗಲಿ ಅನ್ನುವ ಹಾಗಿಲ್ಲ. ಬಿಟ್ಟು ಹೋಗುವ ಹಾಗೂ ಇಲ್ಲ. ಸಾಲು ಹಾಕುತ್ತೇನೆ ಅಂದಾಗಿದೆ.

ಎರಡನೆಯ ಗಂಟೆ ಹೊಡೆಯಿತು.

ನಮ್ಮ ಮನೆಗೆ ಇರುವುದು ಒಂದೇ ಗಂಟೆ. ಚಿಕ್ಕಮ್ಮ ಅವ್ವನ ಮುಖ ನೋಡಿದಳು, ಅವ್ವ ಹೆಳವಮ್ಮನ ಮುಖ ನೋಡಿದಳು. ಹೆಳವಮ್ಮನ ಬಾಯಿ ಅರ್ಧ ತೆರೆದೇ ಇತ್ತು. ಇದು ಅವಳು ಹೇಳಿಕೊಟ್ಟ ಗಂಟೆಯಲ್ಲ. ಆಮೇಲೆ ಮೂವರೂ ನನ್ನನ್ನು ನೋಡಿದರು. ಬದುಕಿರುವವಳ ಹೆಸರನ್ನು ಆ ಸದ್ದಿನ ಅಡಿಯಲ್ಲಿ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಗಂಟೆ ಇಳಿಯುತ್ತಾ ಹೋಯಿತು. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೆ ಗೊತ್ತಿತ್ತಲ್ಲ, ಮನಸ್ಸಿನಲ್ಲೇ ಎಣಿಸಿದೆ. ಐದು. ಆರು. ಏಳು. ಪೂರ್ತಿ ನಿಂತಿತು.

ಆಗ ನಾನು ಹೇಳಿದೆ, ಸಾಲಿಯಲ್ಲಿ ಹಾಜರಿ ಹಿಡಿಯುವ ದನಿಯಲ್ಲಿ, ಹೊರಗೆ ಕೇಳುವಷ್ಟು.

"ಚಂದಮ್ಮ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತವೆಯ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು, ಯಾರೂ ತೆಗೆಯಲಿಲ್ಲ. ಹೊರಗೆ ಅಪ್ಪ ಎದ್ದ ಸದ್ದು. ನೆಲಕ್ಕೆ ಕೈ ಊರಿ, ಮೊಣಕಾಲು ಲಟಕ್ ಅಂದು ಏಳುವ ಅವನ ಸದ್ದು ನನಗೆ ಗೊತ್ತು. ಅಡುಗೆಮನೆ ಬಾಗಿಲ ತನಕ ಬಂದ. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ಅವನ ಪಾದವಷ್ಟೇ ಕಂಡಿತು.

ಆಮೇಲೆ ಕರೆದ, ಸಣ್ಣ ಹುಡುಗ ಕರೆದ ಹಾಗೆ.

"ಚಂದಮ್ಮಾ?"

ಯಾರನ್ನು ಕರೆದ ಅಂತ ನನಗೆ ಗೊತ್ತಿಲ್ಲ. "ಬಂದೆ," ಅಂದೆ. ಎದ್ದು ಹೋದೆ.

ಪಡಸಾಲೆಯ ಯಂತ್ರ ಓಡುತ್ತಲೇ ಇತ್ತು. ಅಪ್ಪ ಕರೆದದ್ದೂ, ನಾನು ಓಗೊಟ್ಟದ್ದೂ ಅದರಲ್ಲಿ ಇರಬೇಕು. ಆ ಜಾಗವನ್ನು ಸದ್ದು ಏರಿಸಿ ನಾನು ಇವತ್ತಿನ ತನಕ ಕೇಳಿಲ್ಲ.